ಪುಕ್ಕಟೆ ದವಾಖಾನೆ

ದಾಸರಹಳ್ಳಿಯ ಆ ಕ್ಲಿನಿಕ್ಕಿಗೆ ನಾನು ನರ್ಸ್ ಆಗಿ ಸೇರಿದ ಮೊದಲ ವಾರದಲ್ಲಿ ಒಳಗೆ ಕಾಲಿಟ್ಟವರು ಒಟ್ಟು ಹನ್ನೊಂದು ಜನ. ಅವರಲ್ಲಿ ನಾಲ್ವರು ಬೇರೆ ಯಾವುದೋ ವಿಳಾಸ ಕೇಳಲು ಬಂದವರು. ಇಬ್ಬರು, ಮೊದಲು ಲೇತ್ ವರ್ಕ್‌ಶಾಪ್ ಇದ್ದ ಜಾಗ ಈಗ ಹೇಗಾಗಿದೆ ಎಂದು ನೋಡಿಕೊಂಡು ಹೋಗಲು ಬಂದವರು. ಇನ್ನಿಬ್ಬರು "ಪುಕ್ಕಟೆನಾ? ಯಾಕೆ ಪುಕ್ಕಟೆ?" ಎಂದು ಕೇಳಿ, ನನ್ನ ಉತ್ತರ ಮುಗಿಯುವ ಮೊದಲೇ ಮೆಟ್ಟಿಲಿಳಿದರು. ಉಳಿದ ಮೂವರಿಗೆ ನಿಜವಾಗಿಯೂ ಜ್ವರವಿತ್ತು. ಅವರಲ್ಲೂ ಒಬ್ಬ ನಾನು ಕೊಟ್ಟ ಮಾತ್ರೆಯನ್ನು ಎದುರಿನ ಮೆಡಿಕಲ್ ಸ್ಟೋರಿಗೆ ಒಯ್ದು ತೋರಿಸಿ, ಅಂಗಡಿಯವನು ತಲೆಯಾಡಿಸಿದ ಮೇಲಷ್ಟೇ ಜೇಬಿಗೆ ಹಾಕಿಕೊಂಡ. ಕಿಟಕಿಯಿಂದ ನೋಡಿದೆ.

ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವನ ಅನುಮಾನವೇ ನನಗೂ ಇತ್ತು. ಹನ್ನೆರಡು ವರ್ಷ ಖಾಸಗಿ ಆಸ್ಪತ್ರೆಯಲ್ಲಿ ಪಾಳಿಯ ಮೇಲೆ ದುಡಿದು, ಮಂಡಿ ಹಿಡಿದುಕೊಂಡು, ಮನೆಯಲ್ಲಿ ಕೂತಿದ್ದೆ. ನಮ್ಮ ಮನೆ ನಾಗಸಂದ್ರ ಮೆಟ್ರೋದ ಆಚೆಗಿನ ಒಂದು ಅಪಾರ್ಟ್‌ಮೆಂಟ್. ನನ್ನ ಗಂಡ ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ಮಾಡುವ ಕಂಪನಿಯಲ್ಲಿ ಎಂಜಿನಿಯರು. ಇಬ್ಬರೂ ದಾವಣಗೆರೆ ಕಡೆಯವರು. ಯಾವುದೋ ದೊಡ್ಡ ಕಂಪನಿ ಹಣ ಕೊಡುತ್ತದೆ, ಒಂದು ಟ್ರಸ್ಟ್ ನಡೆಸುತ್ತದೆ, ಸಂಜೆ ನಾಲ್ಕರಿಂದ ಎಂಟರವರೆಗೆ ಮಾತ್ರ ಕೆಲಸ ಎಂದು ನಾನು ಹೇಳಿದಾಗ ಗಂಡ ರೊಟ್ಟಿ ಮುರಿಯುತ್ತಾ, "ಸುಮ್ಮನ ಯಾರೂ ಕೊಡಂಗಿಲ್ಲ. ಹಿಂದ ಏನೋ ಇರತೈತಿ, ನೋಡ್ಕಂಡು ಹೋಗು" ಎಂದರು. ನೋಡಿಕೊಂಡೇ ಹೋದೆ.

ಮೊದಲು ಕಣ್ಣಿಗೆ ಬಿದ್ದದ್ದು ರೋಗಿಗಳ ನೋಂದಣಿ ಫಾರಂ. ಹೆಸರು, ವಯಸ್ಸು, ಊರು, ಫೋನ್ ನಂಬರು. ಅಷ್ಟಕ್ಕೆ ನಿಲ್ಲಲಿಲ್ಲ. ಕೆಳಗೆ ಇನ್ನೆರಡು ಕಾಲಂ: ಕೆಲಸ ಮಾಡುವ ಜಾಗ, ಗುತ್ತಿಗೆದಾರರ ಹೆಸರು. ಜ್ವರಕ್ಕೂ ಗುತ್ತಿಗೆದಾರನಿಗೂ ಏನು ಸಂಬಂಧ? ಟ್ರಸ್ಟಿನಿಂದ ಪ್ರತಿ ಶುಕ್ರವಾರ ಒಬ್ಬ ಕೋಆರ್ಡಿನೇಟರ್ ಬರುತ್ತಿದ್ದ. ಮೂವತ್ತರ ಒಳಗಿನವನು, ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಟ್ಯಾಬ್. ಅವನನ್ನು ಕೇಳಿದೆ.

"ಡೇಟಾ ಮೇಡಂ, ಅಷ್ಟೇ" ಎಂದ.

"ಯಾರಿಗೆ?"

"ರಿಪೋರ್ಟಿಗೆ."

"ರಿಪೋರ್ಟ್ ಯಾರಿಗೆ?"

ಅವನು ನಕ್ಕು, ಟ್ಯಾಬಿನಲ್ಲಿ ನಮ್ಮ ಖಾಲಿ ಬೆಂಚುಗಳ ಫೋಟೋ ತೆಗೆದುಕೊಂಡ. ಆ ನಗು ನನಗೆ ಹಿಡಿಸಲಿಲ್ಲ. ಅವತ್ತೇ ಅವನ ಹೆಸರಿನ ಮುಂದೆ ಮನಸ್ಸಿನಲ್ಲಿ ಒಂದು ಗೀಟು ಎಳೆದಿಟ್ಟೆ.

ಕ್ಲಿನಿಕ್ಕಿನ ಹಿಂದಿನ ಗಲ್ಲಿಯಲ್ಲಿ ಶೀಟ್ ಹಾಕಿದ ಹದಿನಾಲ್ಕು ಬಾಡಿಗೆ ಕೋಣೆಗಳ ಒಂದು ಸಾಲಿತ್ತು. ಯಾದಗಿರಿ, ರಾಯಚೂರು ಕಡೆಯಿಂದ ಬಂದು ಪೀಣ್ಯದ ಫ್ಯಾಕ್ಟರಿಗಳಲ್ಲಿ, ಕಟ್ಟಡದ ಕೆಲಸದಲ್ಲಿ ದುಡಿಯುವವರು ಅಲ್ಲಿದ್ದರು. ಕ್ಲಿನಿಕ್ ತೆರೆದದ್ದು ಅಂಥವರಿಗಾಗಿಯೇ. ಆದರೆ ಅಲ್ಲಿಂದ ಒಬ್ಬರೂ ಬರುತ್ತಿರಲಿಲ್ಲ. ಎರಡನೇ ವಾರ ಅಲ್ಲಿಂದ ಒಬ್ಬ ಹೆಂಗಸು ಬಂದಳು. ಐವತ್ತು ದಾಟಿದ, ಎತ್ತರದ ಆಳು. ಆ ಸಾಲಿನಲ್ಲಿ ಎಲ್ಲರೂ ಅವಳನ್ನು ದೊಡ್ಡವ್ವ ಎನ್ನುತ್ತಿದ್ದರು. ಒಳಗೆ ಬರದೆ ಶಟರಿನ ಗೆರೆಯ ಹೊರಗೆ ನಿಂತು ಕೇಳಿದಳು.

"ರಕ್ತ ತಗೋತೀರಂತ, ಖರೇನ್ರಿ?"

"ಪರೀಕ್ಷೆಗೆ ಬೇಕಾದ್ರ ತಗಂತೀವಿ."

"ಆಮ್ಯಾಲ ಏನು ಮಾಡ್ತೀರಿ?"

"ಎಸಿತೀವಿ."

"ಎಲ್ಲಿ? ತೋರಸ್ರಿ."

ಬಣ್ಣದ ಡಬ್ಬಿಗಳನ್ನು ತೋರಿಸಿದೆ. ಆ ಕಸ ಒಯ್ಯಲು ಗಾಡಿ ಬರುತ್ತದೆ ಎಂದೆ. ಗಾಡಿ ಯಾವ ವಾರ ಬರುತ್ತದೆ ಎಂದು ಕೇಳಿಕೊಂಡು ಹೋದಳು. ಹೇಳಿದ ದಿನ ಬಂದು, ಎದುರಿನ ಕಟ್ಟೆಯ ಮೇಲೆ ಕೂತು, ಗಾಡಿಯವನು ಚೀಲ ಎತ್ತಿ ಹಾಕುವುದನ್ನು ನೋಡಿ, ಅವನನ್ನೂ ನಿಲ್ಲಿಸಿ ಏನೋ ವಿಚಾರಿಸಿದಳು. ಆಮೇಲೆ ಒಳಗೆ ಬಂದು ಕೈ ಚಾಚಿದಳು. ಸಕ್ಕರೆ ಪರೀಕ್ಷೆಗೆ ಬೆರಳು ಚುಚ್ಚಿ ಹತ್ತಿ ಒತ್ತಿದೆ. ಆ ಹತ್ತಿಯನ್ನು ಡಬ್ಬಿಗೆ ಹಾಕಲು ಬಿಡಲಿಲ್ಲ. ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡಳು.

ಅವಳು ಹೋದ ಮೇಲೆ ನಾನು ನಕ್ಕೆ. ನಮ್ಮ ಡಾಕ್ಟರಮ್ಮ ನಗಲಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ನಿವೃತ್ತರಾಗಿ, ಇಲ್ಲಿಗೆ ತಾವೇ ಕಾರು ಓಡಿಸಿಕೊಂಡು ಬರುತ್ತಿದ್ದ ಹೆಂಗಸು. ಮಾತು ಕಡಿಮೆ. "ನಗ್ಬೇಡಿ. ಅಷ್ಟು ಪ್ರಶ್ನೆ ಕೇಳಿದ ಪೇಷಂಟ್‌ನ ನಾನು ಸರ್ವಿಸ್‌ನಲ್ಲಿ ನೋಡಿದ್ದು ಕಮ್ಮಿ" ಎಂದರು.

ದೊಡ್ಡವ್ವ ಬಂದ ಮೇಲೆ ಆ ಸಾಲಿನಿಂದ ಒಬ್ಬೊಬ್ಬರೇ ಬರತೊಡಗಿದರು. ಬಿಪಿ, ಸಕ್ಕರೆ, ಬೆನ್ನು ನೋವು, ಬಸುರಿಯರು, ಕಣ್ಣಿಗೆ ಲೋಹದ ಚೂರು ಸಿಡಿದವರು. ಎರಡು ತಿಂಗಳಲ್ಲಿ ಬೆಂಚು ಸಾಲದೆ ಹೊರಗೆ ಪ್ಲಾಸ್ಟಿಕ್ ಕುರ್ಚಿ ಹಾಕುವಷ್ಟಾಯಿತು. ಒಂದು ದಿನ ದೊಡ್ಡವ್ವ ತನ್ನ ತಮ್ಮನನ್ನು ಕರೆದುಕೊಂಡು ಬಂದಳು. ಮೂವತ್ತರ ಆಸುಪಾಸಿನ ಗಂಡಸು. ಸ್ಟೀಲ್ ಸಾಮಾನಿಗೆ ಹೊಳಪು ಕೊಡುವ ಪಾಲಿಶಿಂಗ್ ಶೆಡ್ಡಿನಲ್ಲಿ ಕೆಲಸ. ಕತ್ತಿನ ಮಡಿಕೆಯಲ್ಲಿ ಕಪ್ಪು ಧೂಳು ಗೆರೆಯಾಗಿ ಕೂತಿತ್ತು. ಒಂದೂವರೆ ತಿಂಗಳಿಂದ ಕೆಮ್ಮು, ಸಂಜೆ ಸಣ್ಣ ಜ್ವರ. ಪ್ಯಾಂಟನ್ನು ಹಗ್ಗದಿಂದ ಬಿಗಿದುಕೊಂಡಿದ್ದ. ಡಾಕ್ಟರಮ್ಮ ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟು ತುಂಬ ಹೊತ್ತು ಕೇಳಿದರು. ಕಫದ ಪರೀಕ್ಷೆ ಬರೆದರು.

ಅವನು ಫಾರಂ ತುಂಬಿಸುವಾಗ ಎಲ್ಲದಕ್ಕೂ ಉತ್ತರ ಕೊಟ್ಟ. ಓದು ಬರಹ ಬರುತ್ತಿತ್ತು. ನಾನು ಬರೆದದ್ದನ್ನು ತಲೆಕೆಳಗಾಗಿಯೇ ಓದಿ ಊರಿನ ಹೆಸರಿನಲ್ಲಿ ನಾನು ಮಾಡಿದ್ದ ಒಂದು ತಪ್ಪನ್ನು ತಿದ್ದಿಸಿದ. ಮರುದಿನ ಬೆಳಗಿನ ಕಫ ತಂದುಕೊಟ್ಟ. ನಾವು ಅದನ್ನು ಸರ್ಕಾರಿ ಲ್ಯಾಬಿಗೆ ಕಳಿಸಿದೆವು.

ಗುರುವಾರ ಸಂಜೆ ರಿಪೋರ್ಟ್ ಬಂತು. ಕ್ಷಯ. ಹೊರಗೆ ಹತ್ತು ಹನ್ನೆರಡು ಜನ ಕಾಯುತ್ತಿದ್ದರು. ನಡುವೆಯೇ ಫೋನ್ ಮಾಡಿ ವಿಷಯ ತಿಳಿಸಿ, ನಾಳೆಯೇ ಬರಬೇಕೆಂದು ಹೇಳಿ, ಮುಂದಿನ ರೋಗಿಯನ್ನು ಕರೆದೆ. ಶುಕ್ರವಾರ ಅವನು ಬರಲಿಲ್ಲ. ಶನಿವಾರ ದೊಡ್ಡವ್ವ ಬಂದಳು.

ಅವತ್ತು ಅವಳು ಗೆರೆಯ ಹೊರಗೆ ನಿಲ್ಲಲಿಲ್ಲ. ಕಾಯುತ್ತಿದ್ದವರನ್ನೆಲ್ಲ ದಾಟಿ ನನ್ನ ಮೇಜಿನ ಎದುರು ನಿಂತಳು.

"ನನ್ನ ತಮ್ಮಗ ಟಿಬಿ ಅಂತ ಫ್ಯಾಕ್ಟ್ರಿದವರಿಗಿ ಯಾರು ಹೇಳ್ಯಾರ?"

ನನಗೆ ಅರ್ಥವಾಗಲಿಲ್ಲ. "ಯಾರೂ ಹೇಳಿಲ್ಲ. ಯಾಕ, ಏನಾತು?"

"ನಿನ್ನಿ ಮುಂಜಾನಿ ಗೇಟಿನ್ಯಾಗ ನಿಲ್ಲಿಸಿ ಕಳಿಸ್ಯಾರ. ನಿನಗ ಟಿಬಿ ಅದ, ಒಳಗ ಬರಬ್ಯಾಡ ಅಂದಾರ. ಅವಗೇ ಗೊತ್ತಿರಲಿಲ್ಲ, ಅವರಿಗಿ ಹ್ಯಾಂಗ ಗೊತ್ತಾತು? ನೀವು ಬರಕೊಂಡಿರಲ್ಲ, ಎಲ್ಲಿ ಕೆಲಸ, ಯಾರ ಕೈಯಾಗ ಕೆಲಸ ಅಂತ. ಇದಕ್ಕೇ ಬರಕೊಂಡಿರಿ?"

ಬೆಂಚಿನ ಮೇಲಿದ್ದವರೆಲ್ಲ ನನ್ನ ಕಡೆ ನೋಡಿದರು. ಅವಳು ಅವರ ಕಡೆ ತಿರುಗಿ, "ಏಳ್ರಿ" ಎಂದಳು. ಅಷ್ಟೇ. ಏಳು ಜನ ಎದ್ದು ಹೋದರು. ಬಸುರಿ ಹೆಂಗಸೊಬ್ಬಳು ಬಾಗಿಲವರೆಗೆ ಹೋಗಿ, ಮರಳಿ ಬಂದು, ತನ್ನ ಕಾರ್ಡನ್ನು ಮೇಜಿನ ಮೇಲಿಂದ ಎತ್ತಿಕೊಂಡು ಹೋದಳು.

ಮುಂದಿನ ವಾರ ಕ್ಲಿನಿಕ್ ಮತ್ತೆ ಮೊದಲಿನ ಹಾಗೆ ಖಾಲಿಯಾಯಿತು. ದೊಡ್ಡವ್ವನ ಮಾತಿನಲ್ಲಿ ನನಗೆ ಅನುಮಾನವೇ ಬರಲಿಲ್ಲ, ಯಾಕೆಂದರೆ ನಾನು ಮೊದಲಿಂದಲೂ ಅಂದುಕೊಂಡದ್ದನ್ನೇ ಅವಳು ಹೇಳಿದ್ದಳು. ಫ್ಯಾಕ್ಟರಿಗೆ ಹೇಳಿದವರು ಯಾರು ಎಂಬುದೂ ನನಗೆ ಗೊತ್ತಿತ್ತು, ಅಥವಾ ಗೊತ್ತಿದೆ ಎಂದುಕೊಂಡಿದ್ದೆ. ಅವತ್ತಿಂದ ಕೋಆರ್ಡಿನೇಟರನ ಮೇಲೆ ಕಣ್ಣಿಟ್ಟೆ. ಅವನು ಫೋನಿನಲ್ಲಿ ಮಾತಾಡಲು ಹೊರಗೆ ಹೋದರೆ ನಾನೂ ಏನೋ ನೆಪ ಮಾಡಿಕೊಂಡು ಬಾಗಿಲ ಹತ್ತಿರ ಹೋಗುತ್ತಿದ್ದೆ. ಒಂದು ಮಧ್ಯಾಹ್ನ ಪೀಣ್ಯದ ಮೆಟ್ರೋ ಸ್ಟೇಷನ್ ಕೆಳಗಿನ ದರ್ಶಿನಿಯಲ್ಲಿ ಅವನು ಒಬ್ಬನ ಜೊತೆ ನಿಂತು ಕಾಫಿ ಕುಡಿಯುತ್ತಿದ್ದ. ಆ ಇನ್ನೊಬ್ಬನ ಕೊರಳಿನಲ್ಲಿ ನೀಲಿ ಪಟ್ಟಿ, ಪಟ್ಟಿಯ ಮೇಲೆ ಅದೇ ಪಾಲಿಶಿಂಗ್ ಕಂಪನಿಯ ಹೆಸರು. ದೊಡ್ಡವ್ವನ ತಮ್ಮನ ಫಾರಂನಲ್ಲಿ ನಾನೇ ಕೈಯಾರೆ ಬರೆದ ಹೆಸರು. ಇಬ್ಬರೂ ಭುಜ ತಟ್ಟಿಕೊಂಡು ನಗುತ್ತಿದ್ದರು.

ಸಂಜೆ ಡಾಕ್ಟರಮ್ಮನಿಗೆ ಹೇಳಿದೆ. ಅವರು ಪೆನ್ನು ಕೆಳಗಿಟ್ಟು, "ನೀವು ಕಂಡಿದ್ದು ಏನು?" ಎಂದರು.

"ಇಬ್ರೂ ಕಾಫಿ ಕುಡೀತಿದ್ರು."

"ಸರಿ. ಉಳಿದಿದ್ದು ನೀವು ಸೇರಿಸಿದ್ದು."

ಅವರ ಮಾತು ನನಗೆ ಚುಚ್ಚಿತು. ಇವರೂ ಅವನ ಕಡೆಯವರೇ ಇರಬಹುದೇ ಎಂದು ಒಂದು ಕ್ಷಣ ಅನ್ನಿಸಿದ್ದೂ ನಿಜ. ಮರುದಿನ ಬಿಪಿ ಮಾತ್ರೆಗೆ ಕದ್ದು ಬಂದಂತೆ ಬಂದ ಆ ಸಾಲಿನ ಮುದುಕಿಯೊಬ್ಬಳಿಗೆ, ಕೇಳದೆಯೇ, "ನನಗೂ ಆ ಟ್ಯಾಬ್ ಹಿಡಕಂಡು ಬರೋ ಮನುಷ್ಯನ ಮ್ಯಾಲೇ ಅನುಮಾನ ಐತಿ" ಎಂದುಬಿಟ್ಟೆ. ಮುದುಕಿ ಮಾತ್ರೆ ಎತ್ತಿಕೊಂಡು ಹೋದಳು. ಶುಕ್ರವಾರ ಅವನು ಬಂದು, ಕೆಲಸ ಮುಗಿಸಿ ಹೊರಡುವಾಗ ನೋಡಿದರೆ ಬೈಕಿನ ಎರಡೂ ಚಕ್ರದ ಗಾಳಿ ಹೋಗಿತ್ತು. ಸೀಟನ್ನು ಯಾರೋ ಉದ್ದಕ್ಕೆ ಸೀಳಿದ್ದರು. ಅವನು ಬೈಕ್ ತಳ್ಳಿಕೊಂಡು ಹೋಗುವಾಗ ಗಲ್ಲಿಯ ಹೆಂಗಸರು ನಲ್ಲಿಯ ಹತ್ತಿರ ನಿಂತು ನೋಡುತ್ತಿದ್ದರು. ನನಗೆ ಒಳಗೊಳಗೇ ಸಮಾಧಾನವಾಯಿತು. ಈಗ ಅದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೆ ಆಗಿದ್ದು ಅದೇ.

ಅದರ ಮುಂದಿನ ಶುಕ್ರವಾರ ಅವನು ಕೈ ತೊಳೆಯಲು ಹೋದಾಗ ಟ್ಯಾಬ್ ನನ್ನ ಮೇಜಿನ ಮೇಲೆ ತೆರೆದೇ ಇತ್ತು. ಬೆರಳಿನಿಂದ ಸರಿಸಿ ನೋಡಿದೆ. ವಯಸ್ಸು, ಗಂಡು ಹೆಣ್ಣು, ರೋಗ, ಕೆಲಸದ ಜಾಗ. ಹೆಸರುಗಳಿರಲಿಲ್ಲ. ಒಂದೇ ಒಂದು ಹೆಸರೂ ಇರಲಿಲ್ಲ. ನನ್ನ ಮನಸ್ಸು ಅದಕ್ಕೂ ಒಂದು ದಾರಿ ಹುಡುಕಿಕೊಂಡಿತು: ಹೆಸರಿರುವ ಪಟ್ಟಿಯನ್ನು ಬೇರೆ ಕಡೆ ಇಟ್ಟಿರಬೇಕು.

ಈ ಪತ್ತೇದಾರಿಕೆಯಲ್ಲಿ ನಾನು ರೋಗಿಯನ್ನೇ ಮರೆತಿದ್ದೆ. ಎರಡು ವಾರ ಕಳೆದಿತ್ತು. ಔಷಧಿ ಶುರುವಾಗಿರಲಿಲ್ಲ. ಸೋಮವಾರ ಅವನ ಫಾರಂ ತೆಗೆದು ನಂಬರಿಗೆ ಫೋನ್ ಮಾಡಿದೆ. ಎತ್ತಿದವನ ದನಿ ಗಡಸಾಗಿತ್ತು, ಈ ಕಡೆಯ ಹಳ್ಳಿಯ ಮಾತು.

"ಏಳಮ್ಮ."

ದೊಡ್ಡವ್ವನ ತಮ್ಮನ ಹೆಸರು ಹೇಳಿ, ಅವರಾ ಮಾತಾಡುವುದು ಎಂದು ಕೇಳಿದೆ.

"ಅವ್ನಿಲ್ಲ ಕಣಮ್ಮ ಈಗ. ನೀವೇ ಅಲ್ವಾ ಅವತ್ತು ಫೋನ್ ಮಾಡಿ ಏಳಿದ್ದು, ಕಫದಾಗೆ ಟಿಬಿ ಬಂದೈತೆ ಅಂತ? ಬೆಳಗ್ಗೇನೇ ಕಳಿಸ್ಬಿಟ್ಟೆ. ಇಪ್ಪತ್ತು ಜನ ಒಂದೇ ಶೆಡ್‌ನಾಗೆ ಕೆಲ್ಸ ಮಾಡೋದು, ಅಂಗೆಲ್ಲ ಇಟ್ಕಳಕ್ಕಾಯ್ತದಾ?"

"ಇದು ಯಾರ ನಂಬರು?"

"ನಂದೇ. ನಾನು ಮೇಸ್ತ್ರಿ. ಉಡುಗ್ರುದು ಫೋನ್ ಇಲ್ದಿದ್ರೆ ನನ್ನ ನಂಬರೇ ಕೊಡ್ತಾರೆ. ನೀವು ಏಳಿದ್ದು ಒಳ್ಳೇದಾಯ್ತು ಬಿಡಮ್ಮ. ಇಲ್ದಿದ್ರೆ ನಮ್ಗೆಲ್ಲಾರ್ಗೂ ಅಂಟ್ಸಿರೋನು."

ನನಗೆ ಥ್ಯಾಂಕ್ಸ್ ಬೇರೆ ಹೇಳಿ ಅವನು ಫೋನ್ ಇಟ್ಟ. ಆ ಗುರುವಾರದ ಮಾತು ಒಂದೊಂದೇ ಕಿವಿಗೆ ಬಂತು. ನಾನು ಹೆಸರು ಹೇಳಿದ್ದೆ, ಆ ಕಡೆಯವನು "ಊಂ, ಏಳಿ" ಎಂದಿದ್ದ. ನೀವೇನಾ ಎಂದು ಕೇಳಿರಲಿಲ್ಲ. ಹೊರಗೆ ಜನ ಕಾಯುತ್ತಿದ್ದರು. ರೋಗದ ಹೆಸರು, ಕೆಮ್ಮುವಾಗ ಬಾಯಿಗೆ ಬಟ್ಟೆ ಹಿಡಿಯಬೇಕೆಂಬುದು, ಎಲ್ಲ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ್ದೆ. ಕಂಪನಿ ಅಲ್ಲ, ಟ್ರಸ್ಟ್ ಅಲ್ಲ, ಟ್ಯಾಬ್ ಹಿಡಿದವನೂ ಅಲ್ಲ. ನಾನೇ.

ಮೂರು ದಿನ ಯಾರಿಗೂ ಹೇಳಲಿಲ್ಲ. ಗಂಡನಿಗೂ ಹೇಳಲಿಲ್ಲ. ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ ಎಂಬ ಲೆಕ್ಕಾಚಾರವೂ ಮನಸ್ಸಿನಲ್ಲಿ ನಡೆಯಿತು. ಕೋಆರ್ಡಿನೇಟರನ ಮೇಲೆ ಹೇಗೂ ಅಪವಾದ ಬಂದಾಗಿತ್ತು. ನಾಲ್ಕನೇ ದಿನ ಡಾಕ್ಟರಮ್ಮ ಒಬ್ಬರೇ ಇದ್ದಾಗ ಕುರ್ಚಿ ಎಳೆದುಕೊಂಡು ಕೂತು ಹೇಳಿಬಿಟ್ಟೆ. ಬೈಗುಳಕ್ಕೆ ಕಾಯುತ್ತಿದ್ದೆ. ಅವರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು.

"ಮೊದಲು ಆ ಮನುಷ್ಯ ಎಲ್ಲಿದಾನೆ ಹುಡುಕಿ. ಇಷ್ಟು ದಿನ ಔಷಧಿ ಇಲ್ಲ ಅವನಿಗೆ. ನಿಮ್ಮ ತಪ್ಪಿನ ವಿಷಯ ಆಮೇಲೆ ಮಾತಾಡೋಣ."

"ದೊಡ್ಡವ್ವನ್ನ ಕೇಳಬೇಕು. ಅವಳಿಗೆ ಏನಂತ ಹೇಳೋದು?"

"ನನಗೆ ಹೇಳಿದ್ರಲ್ಲ, ಅದನ್ನೇ."

ಮರುದಿನ ಬೆಳಿಗ್ಗೆ ಹಿಂದಿನ ಗಲ್ಲಿಗೆ ಹೋದೆ. ದೊಡ್ಡವ್ವ ಕೋಣೆಯ ಬಾಗಿಲಲ್ಲೇ ಒಲೆ ಹಚ್ಚಿಕೊಂಡು ರೊಟ್ಟಿ ಬಡಿಯುತ್ತಿದ್ದಳು. ಕೂತುಕೋ ಎನ್ನಲಿಲ್ಲ. ನಿಂತೇ ಎಲ್ಲ ಹೇಳಿದೆ: ಫೋನ್ ಮಾಡಿದ್ದು ನಾನು, ಎತ್ತಿದ್ದು ಮೇಸ್ತ್ರಿ, ಕೇಳದೆ ಹೇಳಿದ್ದು ನನ್ನ ತಪ್ಪು, ಟ್ರಸ್ಟಿನ ಮನುಷ್ಯನದು ಏನೂ ಇಲ್ಲ. ಅವಳ ಕೈ ನಿಲ್ಲಲಿಲ್ಲ. ಆ ರೊಟ್ಟಿಯನ್ನು ಹಂಚಿಗೆ ಹಾಕಿ, ನೀರು ಸವರಿ, ಆಮೇಲೆ ನನ್ನನ್ನು ನೋಡಿದಳು.

"ಇದನ್ನ ನನಗ ಯಾಕ ಹೇಳ್ಲಿಕತ್ತೀರಿ?"

"ನಿಮಗ ಗೊತ್ತಾಗಬೇಕಲ್ಲ."

"ಡಾಕ್ಟರ್‌ಬಾಯಿ ಕಳಿಸ್ಯಾಳೇನು?"

"ಕಳಿಸ್ಯಾರ. ಆದ್ರ ನಾನೂ ಬರತಿದ್ದೆ."

"ಮಂದಿ ಬರಲಾರದಕ್ಕ ದವಾಖಾನಿ ಮುಚ್ಚತಾರೇನು? ಫೋಟೋ ತೆಗಿಲಿಕ್ಕಿ ಯಾರರ ದೊಡ್ಡ ಮಂದಿ ಬರೋರದಾರೇನು? ನನ್ನ ಕಡಿಂದ ಏನು ಬೇಕು, ಸಹಿ ಬೇಕೇನು?"

"ಏನೂ ಬ್ಯಾಡ. ನಿಮ್ಮ ತಮ್ಮ ಎಲ್ಲಿದಾನ ಅಂತ ಹೇಳ್ರಿ ಸಾಕು. ಔಷಧಿ ಶುರು ಮಾಡಬೇಕು."

"ಅವ ಊರಿಗಿ ಹೋಗ್ಯಾನ" ಎಂದು ರೊಟ್ಟಿ ತಿರುವಿದಳು.

ಸುಳ್ಳು ಹೇಳುತ್ತಿದ್ದಾಳೆ ಎಂದು ನನಗೆ ಗೊತ್ತಾಯಿತು. ನಾನು ನಿಜ ಹೇಳಿದೆನೆಂದು ಅವಳಿಗೆ ಗೊತ್ತಾಗಿರಲಿಲ್ಲ. ಮೂರು ದಿನ ಬಿಟ್ಟು ಅವಳೇ ಕ್ಲಿನಿಕ್ಕಿಗೆ ಬಂದಳು.

"ಮೇಸ್ತ್ರಿನ್ನ ಕೇಳಿ ಬಂದೀನಿ. ಅವನ ಫೋನಿನ್ಯಾಗ ನಿಮ್ಮ ನಂಬರ್ ತೋರಿಸ್ದ. ನೀವು ಹೇಳಿದ್ದು ಖರೆ ಅದ." ಅದಕ್ಕೆ ಸಂತೋಷ ಪಡಬೇಕೋ ಬೇಡವೋ ಎಂದು ನಾನು ಯೋಚಿಸುವಷ್ಟರಲ್ಲಿ, "ಅವ ಸರ್ಜಾಪುರದ ಕಡೆ ಅದಾನ. ನಾಳಿ ಮುಂಜಾನಿ ಹೋಗೋಣು. ನೀವೊಬ್ಬರೇ ಬರ್ರಿ" ಎಂದಳು.

ಎರಡು ಬಸ್ ಬದಲಿಸಿ ಹೋದೆವು. ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿ ಇದ್ದರೂ ಅವಳು ನನ್ನ ಹಿಂದೆ ಕೂತಳು. ನಾನು ಒಮ್ಮೆ ಮೊಬೈಲ್ ತೆಗೆದಾಗ ಅವಳು ಮುಂದೆ ಬಾಗಿ ಪರದೆ ನೋಡುತ್ತಿರುವುದು ಕಿಟಕಿಯ ಗಾಜಿನಲ್ಲಿ ಕಂಡಿತು. ಮಗಳಿಗೆ ಮೆಸೇಜ್ ಮಾಡುತ್ತಿದ್ದೆ. ದೊಡ್ಡವ್ವನಿಗೆ ಕಾಣಲಿ ಎಂದು ಫೋನನ್ನು ಸ್ವಲ್ಪ ಎತ್ತಿ ಹಿಡಿದೆ.

ಹೊಸ ಅಪಾರ್ಟ್‌ಮೆಂಟ್ ಎದ್ದು ನಿಲ್ಲುತ್ತಿದ್ದ ಜಾಗದ ಪಕ್ಕದಲ್ಲಿ ತಗಡಿನ ಕೂಲಿ ಶೆಡ್ಡುಗಳಿದ್ದವು. ಅವನು ಹೊರಗೆ ಇಟ್ಟಿಗೆಗಳ ಮೇಲೆ ಕೂತಿದ್ದ. ಮೊದಲಿಗಿಂತ ಇಳಿದುಹೋಗಿದ್ದ. ಜೊತೆಗಾರರಿಗೆ ರೋಗದ ವಿಷಯ ಹೇಳಿರಲಿಲ್ಲ. ಧೂಳಿನ ಕೆಮ್ಮು ಎಂದಿದ್ದನಂತೆ. ಒಂದೇ ತಗಡಿನ ಕೆಳಗೆ ಐವರು ಮಲಗುತ್ತಿದ್ದರು. ನನ್ನನ್ನು ನೋಡಿ ಎದ್ದು ಹತ್ತು ಹೆಜ್ಜೆ ದೂರ ಹೋಗಿ ನಿಂತ. ನಾನು ಅಲ್ಲಿಂದಲೇ ನನ್ನ ತಪ್ಪನ್ನು ಹೇಳಿದೆ. ಅವನು ನೆಲ ನೋಡುತ್ತಾ ಕೇಳಿದ.

"ನನ್ನ ಫೋನ್ ಒಡದಿತ್ತು. ಅದಕ್ಕ ಅವರ ನಂಬರ್ ಕೊಟ್ಟಿದ್ದೆ. ಬರ್ರಿ ಅಂತಷ್ಟ ಹೇಳ್ತೀರಿ ಅಂದ್ಕೊಂಡಿದ್ದೆ."

ಅಷ್ಟೇ ಅವನು ಆಡಿದ ಮಾತು.

ಅಲ್ಲಿನ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಅವನನ್ನು ಕರೆದೊಯ್ದೆವು. ಜೊತೆ ಮಲಗುವವರ ಪರೀಕ್ಷೆಯೂ ಆಗಬೇಕೆಂದೆ. ಅದಕ್ಕೆ ಅವನನ್ನು ಒಪ್ಪಿಸಲು ಒಂದು ಗಂಟೆ ಹಿಡಿಯಿತು. ಮಾತ್ರೆ ಕೊಡಿಸುವ ಮೊದಲು ದೊಡ್ಡವ್ವನಿಗೆ ಎಲ್ಲ ವಿವರಿಸಿದೆ. ಆರು ತಿಂಗಳು ಬಿಡದೆ ನುಂಗಬೇಕು, ವಾಕರಿಕೆ ಬಂದರೆ ಹೇಳಬೇಕು, ಮೂತ್ರ ಕೆಂಪಗಾಗುತ್ತದೆ, ಅದಕ್ಕೆ ಹೆದರಬಾರದು.

"ಕೆಂಪಗ? ರಕ್ತದಂಗ?"

"ರಕ್ತ ಅಲ್ಲ, ಮಾತ್ರೆ ಬಣ್ಣ."

ಅವಳು ನನ್ನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ, ತಾನೊಬ್ಬಳೇ ಒಳಗೆ ಹೋಗಿ ಅಲ್ಲಿನ ನರ್ಸನ್ನು ಬೇರೆಯಾಗಿ ಕೇಳಿದಳು. ಹೊರಗೆ ಬಂದು, "ಅಕಿನೂ ಕೆಂಪಗ ಅಂತಾಳ" ಎಂದಳು. ಎರಡು ದಿನ ಬಿಟ್ಟು ಫೋನ್ ಮಾಡಿ, ನಮಸ್ಕಾರ ಕೂಡ ಹೇಳದೆ, "ಕೆಂಪಗ ಆಗ್ಯಾದ. ನೀವು ಹೇಳಿದಂಗೇ" ಎಂದು ಇಟ್ಟಳು. ನನ್ನ ಮಾತು ಅವಳ ಪರೀಕ್ಷೆಯಲ್ಲಿ ಪಾಸಾದದ್ದು ಅವತ್ತೇ ಇರಬೇಕು.

ಕೋಆರ್ಡಿನೇಟರನಿಗೆ ಹೇಳುವುದು ಬಾಕಿ ಇತ್ತು. ಅವನು ಆಗಲೇ ಬೇರೆ ಕಡೆ ವರ್ಗ ಕೇಳಿಕೊಂಡಿದ್ದ. ಅತ್ತಿಬೆಲೆ ಕಡೆ ಟ್ರಸ್ಟಿನ ಇನ್ನೊಂದು ಕೇಂದ್ರ ತೆರೆಯುತ್ತಿತ್ತು. ಕೊನೆಯ ಶುಕ್ರವಾರ ಚಹಾದಂಗಡಿಗೆ ಕರೆದುಕೊಂಡು ಹೋಗಿ ಎಲ್ಲ ಹೇಳಿದೆ, ಟ್ಯಾಬ್ ನೋಡಿದ್ದನ್ನೂ ಸೇರಿಸಿ. ಸೀಟು ಸೀಳಿದ್ದಕ್ಕೆ ನನ್ನ ಬಾಯಿಯೇ ಕಾರಣ ಎಂದಾಗ ಅವನ ಮುಖ ಕೆಂಪಾಯಿತು.

"ನನ್ನನ್ನೇ ಕೇಳ್ಬಹುದಿತ್ತಲ್ಲ ಮೇಡಂ. ಆ ದರ್ಶಿನಿಯಲ್ಲಿ ಇದ್ದೋನು ನನ್ನ ಕಾಲೇಜ್ ಫ್ರೆಂಡು. ಅವನು ಅಲ್ಲಿ ಸ್ಟೋರ್ಸ್‌ನಲ್ಲಿದಾನೆ, ಅಷ್ಟೇ."

ಕ್ಷಮೆ ಕೇಳಿದೆ. ಅವನು ಆಯಿತು ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ. ಲೋಟ ಕೆಳಗಿಡುವಾಗ ನಾನು ಇನ್ನೊಂದು ಕೇಳಿದೆ, ತಡೆದುಕೊಳ್ಳಲಾಗಲಿಲ್ಲ. "ಆ ಎರಡು ಕಾಲಂ ಯಾಕಿವೆ? ಕೆಲಸದ ಜಾಗ, ಗುತ್ತಿಗೆದಾರ?"

ಅವನು ಟ್ಯಾಬನ್ನು ಚೀಲಕ್ಕೆ ಹಾಕಿಕೊಂಡ. "ನಿಜ ಹೇಳ್ಲಾ? ನನಗೂ ಗೊತ್ತಿಲ್ಲ. ಮೇಲಿಂದ ಬಂದ ಫಾರಂ ಅದು."

ಡಾಕ್ಟರಮ್ಮ ಟ್ರಸ್ಟಿಗೆ ಪತ್ರ ಬರೆದರು. ಆ ಕಾಲಂಗಳು ಯಾಕೆ ಬೇಕೆಂದು ತಿಳಿಸಿ, ಇಲ್ಲವೇ ತೆಗೆಯಿರಿ ಎಂದು. ಎರಡು ತಿಂಗಳ ಮೇಲೆ ಹೊಸ ಫಾರಂಗಳ ಕಟ್ಟು ಬಂತು. ಕಾಲಂ ಇರಲಿಲ್ಲ. ಯಾಕಿತ್ತು ಎಂದೂ ಹೇಳಲಿಲ್ಲ, ಯಾಕೆ ತೆಗೆದರು ಎಂದೂ ಹೇಳಲಿಲ್ಲ. ಹಳೆಯ ಫಾರಂಗಳ ಮಾಹಿತಿ ಎಲ್ಲಿಗೆ ಹೋಯಿತು ಎಂಬ ಎರಡನೇ ಪತ್ರಕ್ಕೆ ಇವತ್ತಿನವರೆಗೆ ಉತ್ತರ ಬಂದಿಲ್ಲ.

ಜನ ಒಂದೇ ಸಲ ಮರಳಲಿಲ್ಲ. ದೊಡ್ಡವ್ವ ಕರಾರು ಹಾಕಿದಳು. ಫೋನ್ ಮಾಡಿದಾಗ ಆ ಕಡೆ ಇರುವವರು ಅವರೇ ಹೌದೋ ಅಲ್ಲವೋ ಎಂದು ತಿಳಿಯಲು ಪ್ರತಿಯೊಬ್ಬರೂ ಒಂದು ಗುರುತಿನ ಮಾತು ಕೊಡಬೇಕು, ಅದನ್ನು ಹೇಳದಿದ್ದರೆ ನಾನು ಫೋನ್ ಇಟ್ಟುಬಿಡಬೇಕು. ಡಾಕ್ಟರಮ್ಮ ಕೂಡಲೇ ಒಪ್ಪಿದರು. ಹಾಗಾಗಿ ನನ್ನ ರಿಜಿಸ್ಟರಿನಲ್ಲಿ ನಂಬರುಗಳ ಪಕ್ಕ ಕರಿ ಆಡು, ಗೋಧಿ ಹುಗ್ಗಿ, ಬೇವಿನ ಕಟ್ಟೆ, ಅತ್ತೆ ಮೂಗುತಿ ಎಂಬಂಥ ಮಾತುಗಳು ಸೇರಿದವು. ಒಬ್ಬ ಹೆಂಗಸು ತನ್ನ ಮಾತನ್ನೇ ಮರೆತು, ನಾನು ಮೂರು ಸಲ ಫೋನ್ ಇಟ್ಟಿದ್ದಕ್ಕೆ ನೇರ ಬಂದು ಜಗಳ ಮಾಡಿದಳು. "ನಾನೇ ಅಲ್ವೇನ್ರೀ, ದನಿ ಗೊತ್ತಾಗಂಗಿಲ್ಲ?" ದನಿಯನ್ನು ನಂಬಿ ನಾನು ಏನು ಮಾಡಿದ್ದೆ ಎಂದು ಅವಳಿಗೆ ಹೇಳಬೇಕಾಯಿತು. ಹೊಸ ಮಾತೊಂದನ್ನು ಕೊಟ್ಟು ಹೋದಳು.

ಆರು ತಿಂಗಳು ತುಂಬಿ, ಕೊನೆಯ ಪರೀಕ್ಷೆಯಲ್ಲಿ ಕಫ ಶುದ್ಧವಾಗಿದೆ ಎಂದು ಬಂದ ಮೇಲೆ ದೊಡ್ಡವ್ವನ ತಮ್ಮ ಕ್ಲಿನಿಕ್ಕಿಗೆ ಬಂದ. ಮೈ ತುಂಬಿಕೊಂಡಿತ್ತು. ಪಾಲಿಶಿಂಗ್ ಕೆಲಸಕ್ಕೆ ಮತ್ತೆ ಹೋಗಲಿಲ್ಲ. ಯಾವುದೋ ಗೋದಾಮಿನಲ್ಲಿ ಸಾಮಾನು ಎಣಿಸುವ ಕೆಲಸ ಸಿಕ್ಕಿತ್ತು. ಗುಣವಾಗಿದೆ ಎಂದು ಡಾಕ್ಟರಮ್ಮ ಬರೆದುಕೊಟ್ಟ ಕಾಗದವನ್ನು ನಿಂತಲ್ಲೇ ಮೂರು ಸಲ ಓದಿದ. ನಾನು ಶುಭ ಹಾರೈಸಿದೆ. ಅವನು ಕಾಗದದಿಂದ ತಲೆಯೆತ್ತಿ ಕೇಳಿದ.

"ನನ್ನ ಹೆಸರು ಬರದದ್ದು ರಿಜಿಸ್ಟರ್ ಎಲ್ಲಿ ಅದ?"

ಒಳಗಿನ ಉಕ್ಕಿನ ಕಪಾಟು ತೋರಿಸಿದೆ. ಬೀಗ ಹಾಕಿದೆ ನೋಡಿ ಎಂದೆ. ಹತ್ತಿರ ಹೋಗಿ ಬೀಗವನ್ನು ಜಗ್ಗಿ ನೋಡಿದ.

"ಕೀಲಿ ಯಾರ ಹತ್ರ ಇರ್ತದ?"

"ನನ್ನ ಹತ್ರ ಒಂದು, ಡಾಕ್ಟರ್ ಹತ್ರ ಒಂದು. ಮತ್ಯಾರಿಗೂ ಕೊಡಂಗಿಲ್ಲ."

"ಅಂದ್ರ ಎರಡು ಕೀಲಿ ಅದಾವ" ಎಂದ. ಕಾಗದವನ್ನು ನಾಲ್ಕಾಗಿ ಮಡಚಿ ಒಳಜೇಬಿಗೆ ಹಾಕಿಕೊಂಡು, ಹೋಗಿಬರುತ್ತೇನೆ ಎಂದೂ ಹೇಳದೆ ಮೆಟ್ಟಿಲಿಳಿದ. ಅವತ್ತು ಶಟರ್ ಎಳೆಯುವ ಮೊದಲು, ಅವನ ಮಾತು ಕೇಳಿಸಿಕೊಂಡಿದ್ದ ಡಾಕ್ಟರಮ್ಮ ತಮ್ಮ ಕೀಲಿಯನ್ನು ಗೊಂಚಲಿನಿಂದ ಬಿಡಿಸಿ ನನ್ನ ಕೈಗಿಟ್ಟರು. ನಾನು ಬೇಡ ಎಂದೆ. ಒಬ್ಬಳ ಹತ್ತಿರವೇ ಎರಡೂ ಇರುವುದು ಒಳ್ಳೆಯದಲ್ಲ ಎನ್ನಿಸಿತು, ಆ ಒಬ್ಬಳು ನಾನೇ ಆಗಿದ್ದರೂ.